ಮಕ್ಕಳ ಕೈಗೆ ಬಂದ ಉಡುಗೊರೆಯ ರೊಕ್ಕ: ಆರತಿ ತಾಟಿನಿಂದ ಪಾಸ್‌ಬುಕ್ಕಿನವರೆಗೆ ಒಂದು ಸಮಗ್ರ ಮಾರ್ಗದರ್ಶಿ

ದೀಪಾವಳಿಯ ಆರತಿ ತಾಟಿಗೆ ಬಿದ್ದ ನೋಟುಗಳು, ರಂಜಾನಿನ ಈದಿ, ಅಜ್ಜನ ಊರಿನಿಂದ ಹೊರಡುವಾಗ ಬಸ್ಸಿನ ಕಿಟಕಿಯಿಂದ ಕೈಗೆ ತುರುಕಿದ ನೂರು ರೂಪಾಯಿ, ಜಾವಳದಲ್ಲಿ ಸೋದರಮಾವ ಕೊಟ್ಟ ಲಕೋಟೆ, ಇವನ್ನೆಲ್ಲ ಕೂಡಿಸಿದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಒಂದು ಮಗುವಿಗೆ ವರ್ಷದಲ್ಲಿ ಬರುವ ಹಣ ಕಡಿಮೆಯೇನಲ್ಲ. ಆದರೂ ವರ್ಷದ ಕೊನೆಗೆ ಆ ಹಣ ಎಲ್ಲಿ ಹೋಯಿತೆಂದು ಕೇಳಿದರೆ ಮಗುವಿಗೂ ಗೊತ್ತಿರುವುದಿಲ್ಲ, ಹೆತ್ತವರಿಗೂ ಗೊತ್ತಿರುವುದಿಲ್ಲ. ಮಕ್ಕಳಿಗೆ ಉಳಿತಾಯ ಕಲಿಸಬೇಕೆಂದು ಹೊರಟವರು ಮತ್ತೆ ಮತ್ತೆ ಸೋಲುವುದು ಒಂದೇ ಜಾಗದಲ್ಲಿ: ನೆಂಟರು ಹೊಸ್ತಿಲು ದಾಟುವ ಮೊದಲೇ "ಇಲ್ಲಿ ಕೊಡು, ತೆಗೆದಿಡುತ್ತೇನೆ" ಎಂದು ಹಣವನ್ನು ಮಗುವಿನ ಕೈಯಿಂದ ತೆಗೆದುಕೊಳ್ಳುತ್ತಾರೆ. ಕಣ್ಣಿಗೆ ಕಾಣದ ಹಣದಿಂದ ಮಗು ಏನನ್ನೂ ಕಲಿಯಲಾರದು. ಆದ್ದರಿಂದ ಲೆಕ್ಕಕ್ಕೆ ಸೇರುವವರೆಗೆ ಹಣ ಮಗುವಿನ ಕಣ್ಣೆದುರಿಗೇ ಇರಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ನಿಯಮದ ಮೇಲೆ ನಿಂತಿರುವುದರಿಂದ ಅವುಗಳ ಕ್ರಮವನ್ನು ಬದಲಿಸಬಾರದು.

ಮೊದಲು ಜೋಡಿಸಿಕೊಳ್ಳಬೇಕಾದವು

ನೂರು ಪುಟದ ಒಂದು ನೋಟ್‌ಬುಕ್, ಒಳಗಿರುವುದು ಕಾಣುವ ಮೂರು ಡಬ್ಬಿಗಳು ಮತ್ತು ಸ್ವಲ್ಪ ಚಿಲ್ಲರೆ ಇದ್ದರೆ ಕೆಲಸ ಆರಂಭಿಸಬಹುದು. ಜಾತ್ರೆಯಲ್ಲಿ ಸಿಗುವ ಮಣ್ಣಿನ ಹುಂಡಿ ನೋಡಲು ಚೆಂದವಾಗಿದ್ದರೂ ಈ ಕೆಲಸಕ್ಕೆ ಒದಗುವುದಿಲ್ಲ, ಏಕೆಂದರೆ ಒಳಗೆ ಎಷ್ಟಿದೆ ಎಂಬುದು ಒಡೆಯುವವರೆಗೆ ತಿಳಿಯುವುದಿಲ್ಲ. ಉಳಿತಾಯ ಏರುವುದನ್ನೂ ಇಳಿಯುವುದನ್ನೂ ಮಗು ದಿನವೂ ನೋಡುವಂತಿರಬೇಕು.

ಮುಂದೆ ಖಾತೆ ತೆರೆಯಲು ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಭಾವಚಿತ್ರ ಹಾಗೂ ತಾಯಿ ಅಥವಾ ತಂದೆಯ ಆಧಾರ್ ಮತ್ತು ಪ್ಯಾನ್ ಬೇಕಾಗುತ್ತವೆ. ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ನಮ್ಮ ಕಡೆ ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಮನೆತನದ ಹೆಸರು, ಮತ್ತೊಂದರಲ್ಲಿ ಬರಿಯ ಇನಿಷಿಯಲ್ ಇರುವುದು ಸಾಮಾನ್ಯ, ಮತ್ತು ಬ್ಯಾಂಕಿನ ಕಿಟಕಿಯ ಮುಂದೆ ಕೆಲಸ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ. ಮಗುವಿಗೆ 5 ಮತ್ತು 15 ವರ್ಷ ತುಂಬಿದಾಗ ಆಧಾರಿನ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ನವೀಕರಿಸುವುದು ಕಡ್ಡಾಯ.

ಹಂತ 1: ಹಬ್ಬಕ್ಕೆ ಮೊದಲೇ ಮಾತನಾಡಿ

ನೆಂಟರ ಎದುರಿಗೆ ನಿಯಮ ಹೇಳಲು ಹೋದರೆ ಮಗುವಿಗೆ ಅವಮಾನ, ನೆಂಟರಿಗೆ ಮುಜುಗರ. ಹಬ್ಬದ ಹಿಂದಿನ ದಿನವೇ ಕೂಡಿಸಿಕೊಂಡು, ಯಾರ ಕೈಯಿಂದ ಹಣ ಪಡೆಯಬಹುದು, ಪಡೆದ ಮೇಲೆ ಏನು ಹೇಳಬೇಕು, ಎಲ್ಲಿ ಇಡಬೇಕು ಎಂಬುದನ್ನು ತಿಳಿಸಿ. ಅಜ್ಜ-ಅಜ್ಜಿ, ಸೋದರಮಾವ, ಚಿಕ್ಕಪ್ಪ, ಅತ್ತೆಯಂಥವರು ಕೊಟ್ಟರೆ ನೇರವಾಗಿ ಪಡೆಯಬಹುದು. ಉಳಿದವರು ಕೊಟ್ಟಾಗ ಒಮ್ಮೆ ಅಪ್ಪ ಅಥವಾ ಅಮ್ಮನ ಮುಖ ನೋಡಬೇಕು.

ಇನ್ನೊಂದು ಮಾತನ್ನು ಯಾವ ಸಂಕೋಚವೂ ಇಲ್ಲದೆ ಹೇಳಲೇಬೇಕು. ಯಾರೇ ಆಗಲಿ, ಎಷ್ಟೇ ಹತ್ತಿರದವರಾಗಲಿ, ಒಬ್ಬಂಟಿಯಾಗಿದ್ದಾಗ ಹಣ ಕೊಟ್ಟು "ಮನೆಯಲ್ಲಿ ಹೇಳಬೇಡ" ಎಂದರೆ ಅದನ್ನು ಕೂಡಲೇ ಮನೆಯಲ್ಲಿ ಹೇಳಬೇಕು, ಹೇಳಿದ್ದಕ್ಕೆ ಯಾರೂ ಬೈಯುವುದಿಲ್ಲ. ಮಗುವಿನ ಸುರಕ್ಷತೆಯ ಬಗ್ಗೆ ಅನುಮಾನ ಬಂದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬಹುದು.

ಹಂತ 2: ಪಡೆಯುವ ಗಳಿಗೆ

"ಬ್ಯಾಡ್ರಿ, ಯಾಕ್ರಿ" ಎಂಬ ಹಿರಿಯರ ಎಳೆದಾಟದ ನಡುವೆ ನಿಂತ ಮಗುವಿಗೆ, ತಾನು ಪಡೆಯಬೇಕೋ ಬಾರದೋ ತಿಳಿಯುವುದಿಲ್ಲ. ಒಮ್ಮೆ ಬೇಡವೆನ್ನುವುದು ಮರ್ಯಾದೆಯಾಯಿತು. ಎರಡನೆಯ ಸಲ ಅವರು ಕೊಟ್ಟಾಗ ಮಗುವಿಗೆ "ತಗೋ, ನಮಸ್ಕಾರ ಮಾಡು" ಎಂದು ಹೇಳಿ ಮುಗಿಸಿ. ಮಗು ಹಣವನ್ನು ಕೈಯಲ್ಲಿ ಪಡೆದು, ಕೊಟ್ಟವರ ಮುಖ ನೋಡಿ ಎರಡು ಮಾತಾಡಿ, ಎಣಿಸದೆ ಮೊದಲೇ ಗೊತ್ತುಮಾಡಿದ ಲಕೋಟೆಗೆ ಹಾಕಬೇಕು. ಲಕೋಟೆಯ ಮೇಲೆ ಮಗುವಿನ ಹೆಸರು ಇರಲಿ. ನೂರಾ ಒಂದೋ ಐನೂರಾ ಒಂದೋ ಎಂಬುದನ್ನು ನೆಂಟರ ಎದುರು ಓದಿ ಹೇಳುವ ರೂಢಿಯನ್ನು ಮನೆಯಲ್ಲಿ ಬೆಳೆಸಬೇಡಿ. ಕೈ ಬಿಗಿ ಇರುವ ಅತ್ತೆ ಕೊಟ್ಟ ಐವತ್ತು ರೂಪಾಯಿ ಚಿಕ್ಕದೆಂದು ಮಗು ಕಲಿಯುವುದು ಇಂಥ ಓದಿನಿಂದಲೇ.

ಹಂತ 3: ಅದೇ ರಾತ್ರಿ ಎಣಿಕೆ ಮತ್ತು ಬರವಣಿಗೆ

ಎಣಿಕೆಯನ್ನು ಮರುದಿನಕ್ಕೆ ಹಾಕಿದರೆ ಲಕೋಟೆಯಿಂದ ಹಾಲಿನವನಿಗೆ ಇನ್ನೂರು, ಸಿಲಿಂಡರಿಗೆ ಐನೂರು ಹೋಗಿರುತ್ತದೆ. ಊಟವಾದ ಮೇಲೆ ಮಗುವನ್ನು ಕೂಡಿಸಿಕೊಂಡು ಲಕೋಟೆಯನ್ನು ಮಗುವಿನ ಕೈಯಿಂದಲೇ ತೆರೆಸಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಸಾಕು: ದಿನಾಂಕ, ಕೊಟ್ಟವರು, ಸಂದರ್ಭ, ಮೊತ್ತ. ಬರೆಯಲು ಬಾರದ ಮಗುವಾದರೆ ನೀವು ಬರೆಯುತ್ತಾ ಅದು ಗಟ್ಟಿಯಾಗಿ ಹೇಳಲಿ.

ಎಣಿಕೆಯ ಹೊತ್ತು ನೋಟು ಓದಲು ಕಲಿಸುವ ಹೊತ್ತೂ ಹೌದು. ಹೊಸ ಸರಣಿಯ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಮೇಲಿನಿಂದ ನಾಲ್ಕನೆಯ ಸಾಲಿನಲ್ಲಿದೆ. 500 ರೂಪಾಯಿಯ ನೋಟನ್ನು ಓರೆ ಮಾಡಿದರೆ ಭದ್ರತಾ ಎಳೆಯ ಬಣ್ಣ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಇವನ್ನು ತಾನೇ ಕಂಡುಹಿಡಿದ ಮಗು ಮುಂದೆ ಅಂಗಡಿಯಲ್ಲಿ ಚಿಲ್ಲರೆ ಪಡೆಯುವಾಗ ನೋಟನ್ನು ನೋಡದೆ ಜೇಬಿಗೆ ಹಾಕುವುದಿಲ್ಲ.

ಆರತಿ ತಾಟಿನ ನೋಟುಗಳಿಗೆ ಎಣ್ಣೆ, ಕುಂಕುಮ ಹತ್ತಿರುತ್ತದೆ, ಕೆಲವೊಮ್ಮೆ ಅಂಚು ಸುಟ್ಟಿರುತ್ತದೆ. ಅವನ್ನು ತೊಳೆಯಲು, ಟೇಪು ಹಚ್ಚಲು ಹೋಗಬೇಡಿ. ಹರಿದ ಅಥವಾ ಕೊಳೆಯಾದ ನೋಟನ್ನು ಬ್ಯಾಂಕ್ ಶಾಖೆಯಲ್ಲಿ ಬದಲಿಸಿಕೊಳ್ಳಬಹುದು. 50 ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಬೆಲೆಯ ನೋಟು ಹರಿದಿದ್ದರೆ, ಉಳಿದ ಅತಿ ದೊಡ್ಡ ಒಂದೇ ತುಂಡು ಇಡೀ ನೋಟಿನ ಶೇ 80ಕ್ಕಿಂತ ಹೆಚ್ಚಿದ್ದಾಗ ಪೂರ್ತಿ ಬೆಲೆಯೂ, ಶೇ 40ರಿಂದ 80ರಷ್ಟಿದ್ದಾಗ ಅರ್ಧ ಬೆಲೆಯೂ ಸಿಗುತ್ತದೆ. 10 ರೂಪಾಯಿಯ ನಾಣ್ಯವನ್ನು ಕೆಲವು ಅಂಗಡಿಗಳಲ್ಲಿ ತೆಗೆದುಕೊಳ್ಳುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಬೇರೆ ಇಡುವ ಮನೆಗಳಿವೆ. ರೂಪಾಯಿ ಚಿಹ್ನೆ ಇರುವ, ಇಲ್ಲದ ಎಲ್ಲ ವಿನ್ಯಾಸಗಳ 10 ರೂಪಾಯಿ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ, ಅವನ್ನೂ ಲೆಕ್ಕಕ್ಕೆ ಸೇರಿಸಿ.

ಈಗ ಬೆಂಗಳೂರಿನ ಮಾವ, ಪುಣೆಯ ಕಾಕಾ ಹಣವನ್ನು ಅಪ್ಪನ ಮೊಬೈಲಿಗೆ ಕಳಿಸುತ್ತಾರೆ, ಮತ್ತು ಹೀಗೆ ಬಂದದ್ದೇ ಎಲ್ಲಕ್ಕಿಂತ ಬೇಗ ಕಾಣೆಯಾಗುತ್ತದೆ. ಮೊಬೈಲಿಗೆ ಬಂದಷ್ಟೇ ನಗದನ್ನು ಅದೇ ರಾತ್ರಿ ಮಗುವಿನ ಎದುರಿಗೆ ಲಕೋಟೆಗೆ ಹಾಕಿ, ಆಗದಿದ್ದರೆ "ಅಪ್ಪನ ಬಳಿ ಇದೆ" ಎಂದು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಮಾಡಿ. ಹಣ ಪಡೆಯಲು ಪಿನ್ ಹಾಕುವ ಅಗತ್ಯವೇ ಇಲ್ಲವೆಂಬುದನ್ನೂ ಇದೇ ಹೊತ್ತಿನಲ್ಲಿ ಹೇಳಿಕೊಡಿ. "ಉಡುಗೊರೆ ಬಂದಿದೆ, ಪಿನ್ ಒತ್ತಿ" ಎಂದು ಯಾರಾದರೂ ಹೇಳಿದರೆ ಅದು ಮೋಸ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹಂತ 4: ಮುಯ್ಯಿಯ ಲೆಕ್ಕವನ್ನು ಬೇರೆ ಮಾಡುವುದು

ಹೆಚ್ಚಿನ ಸಲಹೆಗಳು ಈ ಹಂತವನ್ನು ಬಿಟ್ಟುಬಿಡುತ್ತವೆ, ಮತ್ತು ನಮ್ಮ ಮನೆಗಳಲ್ಲಿ ಜಗಳ ಹುಟ್ಟುವುದು ಇಲ್ಲಿಂದಲೇ. ಮಗುವಿನ ಕೈಗೆ ಬಂದ ಹಣವೆಲ್ಲ ಮಗುವಿನದಲ್ಲ. ತೊಟ್ಟಿಲು ಕಾರ್ಯದಲ್ಲಿ, ಜಾವಳದಲ್ಲಿ, ಮನೆಯ ಮದುವೆಯಲ್ಲಿ ಬಂದ ಆಹೇರಿ ಎರಡು ಕುಟುಂಬಗಳ ನಡುವಿನ ವ್ಯವಹಾರ. ನಾಳೆ ಅವರ ಮನೆಯ ಕಾರ್ಯಕ್ಕೆ ನೀವು ಅಷ್ಟನ್ನೋ ಅದಕ್ಕಿಂತ ಸ್ವಲ್ಪ ಹೆಚ್ಚನ್ನೋ ಮುಯ್ಯಿ ಮಾಡಲೇಬೇಕು. ಅಂಥ ಹಣವನ್ನು "ನಿನ್ನದು" ಎಂದು ಮಗುವಿಗೆ ಹೇಳಿ, ಆಮೇಲೆ ಯಾರದೋ ಮದುವೆಗೆ ಅದರಲ್ಲಿಂದಲೇ ತೆಗೆದರೆ ಮಗುವಿನ ಕಣ್ಣಿಗೆ ನೀವು ಮಾತು ತಪ್ಪಿದವರಾಗುತ್ತೀರಿ.

ಆದ್ದರಿಂದ ನೋಟ್‌ಬುಕ್ಕನ್ನು ಹಿಂಬದಿಯಿಂದ ತಿರುಗಿಸಿ ಮುಯ್ಯಿಯ ಪುಟ ಮಾಡಿ. ಮನೆಯ ಕಾರ್ಯಕ್ಕೆ ಬಂದದ್ದು ಅಲ್ಲಿಗೆ. ಮಗುವಿನ ಕೈಗೆಂದೇ ಕೊಟ್ಟ ಈದಿ, ಆರತಿಯ ರೊಕ್ಕ, ಹುಟ್ಟುಹಬ್ಬದ ಹಣ, ಜಾತ್ರೆಯ ಖರ್ಚಿಗೆಂದು ಅಜ್ಜಿ ಕೊಟ್ಟದ್ದು ಮುಂದಿನ ಪುಟಗಳಿಗೆ. ಅನುಮಾನವಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನಾವು ಹಿಂದಿರುಗಿಸದಿದ್ದರೆ ಕೊಟ್ಟವರು ಬೇಸರಪಡುತ್ತಾರೆಯೇ? ಹೌದೆಂದಾದರೆ ಅದು ಮನೆಯ ಹಣ. ಎಂಟು ಹತ್ತು ವರ್ಷದ ಮಗುವಿಗೆ ಈ ಭೇದ ಚೆನ್ನಾಗಿಯೇ ಅರ್ಥವಾಗುತ್ತದೆ. ಅತ್ತೆಯ ಮಗಳ ಮದುವೆಗೆ ಆಹೇರಿ ಬರೆಸುವ ಮುನ್ನ ಹಿಂಬದಿಯ ಪುಟವನ್ನು ಮಗುವಿನಿಂದಲೇ ಓದಿಸಿದರೆ, ದೊಡ್ಡವರ ಕೈಯಿಂದ ಹಣ ಏಕೆ ಹೋಗುತ್ತದೆ ಎಂಬುದೂ ಅದಕ್ಕೆ ತಿಳಿಯುತ್ತದೆ.

ಮಳೆ ಕೈಕೊಟ್ಟ ವರ್ಷ ಬೀಜ ಗೊಬ್ಬರಕ್ಕೆ, ಇಲ್ಲವೇ ಆಸ್ಪತ್ರೆಗೆ ಮಗುವಿನ ಹಣವನ್ನೇ ತೆಗೆಯಬೇಕಾದ ಮನೆಗಳು ಎಷ್ಟೋ ಇವೆ. ಇದರಲ್ಲಿ ನಾಚಿಕೆಯ ಮಾತಿಲ್ಲ, ಆದರೆ ಹೇಳದೆ ತೆಗೆಯಬಾರದು. ಏಕೆ ಬೇಕಾಗಿದೆ ಎಂದು ಮಗುವಿಗೆ ಅರ್ಥವಾಗುವಂತೆ ಹೇಳಿ, ಕೈಗಡವೆಂದು ದಿನಾಂಕ ಹಾಕಿ ಬರೆದು, ಪೀಕು ಬಂದ ಮೇಲೆ ಅದೇ ಪುಟದಲ್ಲಿ ಮರಳಿಸಿ ಹೊಡೆದುಹಾಕಿ. ಒಮ್ಮೆಗೆ ಆಗದಿದ್ದರೆ ತಿಂಗಳಿಗೆ ಐವತ್ತರಂತೆ ಕೊಟ್ಟರೂ ಸರಿ. ಸಾಲ ಎಂದರೇನು, ತೀರಿಸುವುದು ಎಂದರೇನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ನನಗೆ ಕಂಡಿಲ್ಲ.

ಹಂತ 5: ಒಂದು ವಾರದ ತಡೆ, ನಂತರ ಹಂಚಿಕೆ

ಎಣಿಸಿದ ರಾತ್ರಿಯೇ ಹಂಚಬೇಡಿ. ಹಬ್ಬದ ಗದ್ದಲದಲ್ಲಿ ಬೇಕೆನಿಸಿದ ವಸ್ತು ವಾರದ ನಂತರವೂ ಬೇಕೆನಿಸುತ್ತದೆಯೇ ಎಂಬುದನ್ನು ಮಗು ತಾನೇ ನೋಡಲಿ. ಬೇಕಾದುದನ್ನು ಬೆಲೆಯ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿ. ವಾರ ಕಳೆಯುವ ಹೊತ್ತಿಗೆ ಅರ್ಧ ಹೆಸರುಗಳನ್ನು ಅದೇ ಹೊಡೆದುಹಾಕಿರುತ್ತದೆ.

ವಾರದ ನಂತರ ಹಣವನ್ನು ಮೂರು ಡಬ್ಬಿಗಳಿಗೆ ಹಾಕಿಸಿ. ಮೊದಲನೆಯದು ಈಗಿನ ಖರ್ಚಿಗೆ, ಎರಡನೆಯದು ಕೆಲವು ತಿಂಗಳು ಕೂಡಿಸಿ ಕೊಳ್ಳಬೇಕಾದ ಸೈಕಲ್, ಕ್ರಿಕೆಟ್ ಬ್ಯಾಟ್, ಬಣ್ಣದ ಪೆಟ್ಟಿಗೆಯಂಥ ವಸ್ತುವಿಗೆ, ಮೂರನೆಯದು ಬ್ಯಾಂಕಿಗೆ ಹೋಗುವ ದೂರದ ಉಳಿತಾಯಕ್ಕೆ. ಎಷ್ಟೆಷ್ಟು ಎಂಬುದಕ್ಕೆ ಒಂದೇ ಅಳತೆ ಇಲ್ಲ. ಆರು ವರ್ಷದ ಮಗುವಿಗೆ ಮೊದಲ ಡಬ್ಬಿ ದೊಡ್ಡದಿರಲಿ, ಇಲ್ಲದಿದ್ದರೆ ಅದಕ್ಕೆ ಆಟದಲ್ಲಿ ಆಸಕ್ತಿ ಉಳಿಯುವುದಿಲ್ಲ. ಹನ್ನೆರಡರ ಮಗು ಅರ್ಧಕ್ಕಿಂತ ಹೆಚ್ಚನ್ನು ಎರಡನೆಯ ಮತ್ತು ಮೂರನೆಯ ಡಬ್ಬಿಗೆ ಹಾಕಬಲ್ಲದು. ಉದಾಹರಣೆಗೆ 1,200 ರೂಪಾಯಿ ಬಂದಿದ್ದರೆ ಚಿಕ್ಕ ಮಗು 500, 400, 300 ಎಂದು ಹಂಚಬಹುದು. ದಾಸೋಹಕ್ಕೆ, ಜಕಾತಿಗೆ, ಊರಿನ ಶಾಲೆಗೆ ಕೊಡುವ ರೂಢಿ ಮನೆಯಲ್ಲಿದ್ದರೆ ಮಗು ತನ್ನ ಮೊದಲ ಡಬ್ಬಿಯಿಂದಲೇ ಕೊಡಲಿ, ಆದರೆ ಮೊತ್ತವನ್ನು ಅದೇ ನಿರ್ಧರಿಸಲಿ.

ಇಲ್ಲಿ ಆಗುವ ತಪ್ಪು ಎಂದರೆ ಮೂರನೆಯ ಡಬ್ಬಿಗೆ ಎಲ್ಲವನ್ನೂ ಹಾಕಿಸುವುದು. ಖರ್ಚು ಮಾಡಲು ಏನೂ ಸಿಗದ ಮಗು ಮುಂದಿನ ಹಬ್ಬಕ್ಕೆ ಹಣವನ್ನು ನಿಮಗೆ ತೋರಿಸುವುದೇ ಇಲ್ಲ.

ಹಂತ 6: ಖರ್ಚು ಮಾಡಲು ಬಿಡುವುದು

ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆ, ಗದಗಿನ ತೋಂಟದಾರ್ಯ ಮಠದ ಜಾತ್ರೆ, ಹಾವೇರಿಯ ಹುಕ್ಕೇರಿಮಠದ ಜಾತ್ರೆ, ಯಾವುದಾದರೂ ಸರಿ, ಕಲಿಸಲು ಜಾತ್ರೆಗಿಂತ ಒಳ್ಳೆಯ ಜಾಗವಿಲ್ಲ. ಮೊದಲ ಡಬ್ಬಿಯಿಂದ ಒಂದು ಮೊತ್ತ ತೆಗೆದು, ಆದಷ್ಟು ಹತ್ತು ಇಪ್ಪತ್ತರ ನೋಟುಗಳಾಗಿ ಮಾಡಿ ಮಗುವಿನ ಕೈಗೆ ಕೊಡಿ. ಐನೂರರ ಒಂದೇ ನೋಟು ಮುರಿದರೆ ಎಷ್ಟು ಖರ್ಚಾಯಿತೆಂಬುದು ತಿಳಿಯದೆ ಹೋಗುತ್ತದೆ.

ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳಬಾರದು, ಬರೀ ಬೆಲೆ ಕೇಳಬೇಕು ಎಂಬ ಒಂದೇ ನಿಯಮ ಸಾಕು. ಒಂದೇ ಆಟಿಕೆಗೆ ರಥಬೀದಿಯ ಬಾಯಲ್ಲಿ ಒಂದು ಬೆಲೆ, ಕೊನೆಯ ಅಂಗಡಿಯಲ್ಲಿ ಇನ್ನೊಂದು ಬೆಲೆ ಎಂಬುದನ್ನು ಮಗು ಕಾಲು ನೋಯಿಸಿಕೊಂಡೇ ಕಂಡುಕೊಳ್ಳಬೇಕು. ಎರಡನೆಯ ಸುತ್ತಿನಲ್ಲಿ ಕೊಳ್ಳಲಿ, ಚೌಕಾಸಿಯನ್ನು ಅದೇ ಮಾಡಲಿ, ಚಿಲ್ಲರೆಯನ್ನು ಅದೇ ಎಣಿಸಲಿ. ಗಿರ್ಮಿಟ್ಟು, ಮಿರ್ಚಿ ತಿಂದ ಖರ್ಚು ಯಾರದು ಎಂಬುದನ್ನು ಹೊರಡುವ ಮೊದಲೇ ನಿರ್ಧರಿಸಿಕೊಳ್ಳಿ. ನಡುವೆ ನಿಯಮ ಬದಲಿಸಿದರೆ ಮಗು ಮುಂದಿನ ಸಲ ತನ್ನ ಹಣ ಮುಗಿಸಿ ನಿಮ್ಮ ಜೇಬಿಗೆ ಕೈ ಹಾಕುತ್ತದೆ.

ಕೊಂಡ ಆಟಿಕೆ ಮನೆ ಮುಟ್ಟುವ ಮೊದಲೇ ಮುರಿದರೆ ಹೊಸದನ್ನು ಕೊಡಿಸಬೇಡಿ, "ನಾನು ಹೇಳಲಿಲ್ಲವೇ" ಎನ್ನಲೂಬೇಡಿ. ಇಪ್ಪತ್ತು ರೂಪಾಯಿಯ ನಷ್ಟ ಎಂಟನೆಯ ವರ್ಷದಲ್ಲಿ ಆಗುವುದು ಒಳ್ಳೆಯದು. ಮನೆಗೆ ಬಂದು ಉಳಿದದ್ದನ್ನು ಎಣಿಸಿ ನೋಟ್‌ಬುಕ್ಕಿಗೆ ಬರೆಯುವವರೆಗೆ ಈ ಹಂತ ಮುಗಿಯುವುದಿಲ್ಲ.

ಹಂತ 7: ಮೂರನೆಯ ಡಬ್ಬಿಯಿಂದ ಖಾತೆಗೆ

ಹೊಸ ಖಾತೆ ತೆರೆಯುವ ಮೊದಲು, ಶಾಲೆಯ ವಿದ್ಯಾರ್ಥಿವೇತನಕ್ಕಾಗಿ ಮಗುವಿನ ಹೆಸರಿನಲ್ಲಿ ಆಗಲೇ ಒಂದು ಖಾತೆ ಇದೆಯೇ ಎಂದು ಹುಡುಕಿ ನೋಡಿ. ಅನೇಕ ಮನೆಗಳಲ್ಲಿ ಆ ಪಾಸ್‌ಬುಕ್ ಟ್ರಂಕಿನ ತಳದಲ್ಲಿರುತ್ತದೆ. ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ, ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ಹಳೆಯ ಪಾಸ್‌ಬುಕ್ ಆ ಬ್ಯಾಂಕಿನದಾಗಿದ್ದರೆ ನೆಂಟರಿಗೆ ಖಾತೆಯ ವಿವರ ಕೊಡುವ ಮುನ್ನ ಶಾಖೆಗೆ ಹೋಗಿ ವಿವರಗಳನ್ನು ಖಚಿತಪಡಿಸಿಕೊಳ್ಳಿ.

ಎಷ್ಟೇ ಚಿಕ್ಕ ಮಗುವಿಗೂ ಪಾಲಕರ ಮೂಲಕ ಉಳಿತಾಯ ಖಾತೆ ತೆರೆಯಬಹುದು. ಪಾಲಕರಾಗಿ ತಾಯಿಯೂ ಇರಬಹುದು. 10 ವರ್ಷ ತುಂಬಿದ ಮಕ್ಕಳು ತಾವೇ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನ ಸೂಚನೆಯಲ್ಲಿ ಹೇಳಿದೆ. ಮೊತ್ತದ ಮಿತಿ, ಎಟಿಎಂ ಕಾರ್ಡು ಮುಂತಾದವು ಆಯಾ ಬ್ಯಾಂಕಿನ ತೀರ್ಮಾನಕ್ಕೆ ಬಿಟ್ಟದ್ದು. ಅಂಚೆ ಕಚೇರಿಯ ಉಳಿತಾಯ ಖಾತೆಯನ್ನು 500 ರೂಪಾಯಿಯಿಂದ ತೆರೆಯಬಹುದು, ಹತ್ತು ವರ್ಷ ದಾಟಿದ ಮಗು ಅದನ್ನೂ ತಾನೇ ನಡೆಸಬಹುದು. ಹಳ್ಳಿಯಲ್ಲಿರುವವರಿಗೆ ನಾನು ಹೇಳುವುದು ಅಂಚೆ ಕಚೇರಿಯನ್ನೇ: ಹತ್ತಿರವಿರುತ್ತದೆ, ಮಗು ಶಾಲೆಯಿಂದ ಬರುವಾಗ ನಿಮ್ಮೊಡನೆ ಹೋಗಿ ಬರಬಹುದು.

ಹಣ ಕಟ್ಟಲು ಮಗುವನ್ನು ಕರೆದುಕೊಂಡೇ ಹೋಗಿ. ಚಲನ್ ಅದೇ ತುಂಬಲಿ, ಪಾಸ್‌ಬುಕ್ಕಿನಲ್ಲಿ ಮುದ್ರಣವಾದ ಸಾಲನ್ನು ನೋಟ್‌ಬುಕ್ಕಿನ ಸಾಲಿನೊಂದಿಗೆ ಅದೇ ಹೋಲಿಸಲಿ. ಬಡ್ಡಿಯ ಸಾಲು ಬಂದ ದಿನ ಅದನ್ನು ಬೆರಳಿಟ್ಟು ತೋರಿಸಿ.

ಹೆಣ್ಣುಮಗುವಿಗೆ 10 ವರ್ಷ ತುಂಬುವ ಮೊದಲು ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ. 15 ವರ್ಷ ಕಟ್ಟಬೇಕು, ತೆರೆದ ದಿನದಿಂದ 21 ವರ್ಷಕ್ಕೆ ಅವಧಿ ಮುಗಿಯುತ್ತದೆ. 18 ವರ್ಷ ತುಂಬಿದ ಅಥವಾ ಹತ್ತನೆಯ ತರಗತಿ ಪಾಸಾದ ಮೇಲೆ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು. ಯೋಜನೆ ಒಳ್ಳೆಯದೇ, ಆದರೆ ಹಣ ಅಷ್ಟು ಕಾಲ ಕಣ್ಣಿಗೆ ಬೀಳದಿರುವುದರಿಂದ ಲೆಕ್ಕ ಕಲಿಸುವ ಕೆಲಸ ಅದರಿಂದಾಗದು. ಸಾಮಾನ್ಯ ಉಳಿತಾಯ ಖಾತೆಯೂ ಜೊತೆಗಿರಲಿ.

1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ನಾಡು ಇದು, ಆದ್ದರಿಂದ ಸಂಘಗಳ ಮೇಲೆ ನಮಗೆ ನಂಬಿಕೆ ಹೆಚ್ಚು. ಆದರೂ ಒಂದು ವ್ಯತ್ಯಾಸವನ್ನು ತಿಳಿದಿರಬೇಕು: ವಾಣಿಜ್ಯ, ಗ್ರಾಮೀಣ ಮತ್ತು ಸಹಕಾರಿ ಬ್ಯಾಂಕುಗಳ ಠೇವಣಿಗೆ ಒಬ್ಬರಿಗೆ 5 ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆ ಇದೆ; ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಹೆಚ್ಚು ಬಡ್ಡಿಯ ಆಸೆಗೆ ಮಗುವಿನ ಹಣವನ್ನು ಸಂಘದ ಪಿಗ್ಮಿಗೋ ಓಣಿಯ ಚೀಟಿಗೋ ಹಾಕಬೇಡಿ.

ಹಂತ 8: ತೆರಿಗೆಯ ಮಾತು

ಅಜ್ಜ-ಅಜ್ಜಿ, ತಂದೆ-ತಾಯಿಯ ಒಡಹುಟ್ಟಿದವರು ಮತ್ತು ಅವರ ಗಂಡ-ಹೆಂಡಿರು ಕೊಟ್ಟ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದದ್ದು ಒಟ್ಟು 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಮದುವೆಯ ಉಡುಗೊರೆಗಿರುವ ವಿನಾಯಿತಿ ತೊಟ್ಟಿಲಿಗೂ ಜಾವಳಕ್ಕೂ ಅನ್ವಯಿಸುವುದಿಲ್ಲ, ದೊಡ್ಡದಾಗಿ ಕಾರ್ಯ ಮಾಡುವವರು ಇದನ್ನು ನೆನಪಿಡಬೇಕು. ಮಗುವಿನ ಠೇವಣಿಗೆ ಬಂದ ಬಡ್ಡಿ ಸಾಮಾನ್ಯವಾಗಿ ತಂದೆ-ತಾಯಿಯರಲ್ಲಿ ಯಾರ ಆದಾಯ ಹೆಚ್ಚೋ ಅವರ ಆದಾಯಕ್ಕೆ ಸೇರುತ್ತದೆ.

ಎಚ್ಚರಿಕೆಯ ಸೂಚನೆಗಳು

ಬಂದ ನೆಂಟರು ಹೊರಡುವಾಗ ಮಗು ಬಾಗಿಲಲ್ಲಿ ಕಾದು ನಿಲ್ಲತೊಡಗಿದರೆ, ಅಥವಾ "ಅವರು ಏನೂ ಕೊಡಲಿಲ್ಲ" ಎಂದು ದೂರಿದರೆ, ಮನೆಯಲ್ಲಿ ಮೊತ್ತಗಳ ಮಾತು ಹೆಚ್ಚಾಗಿದೆ ಎಂದರ್ಥ. ಕೆಲವು ಕಾಲ ಎಣಿಕೆಯನ್ನು ಮಗು ಮತ್ತು ಒಬ್ಬ ಹಿರಿಯರ ನಡುವೆ ಮಾತ್ರ ಇಡಿ. ಅಣ್ಣ-ತಂಗಿಯರಲ್ಲಿ ಒಬ್ಬರಿಗೇ ಹೆಚ್ಚು ಬರುತ್ತಿದ್ದರೆ ಇಬ್ಬರ ಹಣವನ್ನು ಕೂಡಿಸಿ ಸಮ ಮಾಡಬೇಡಿ, ಕೊಟ್ಟವರೊಂದಿಗೆ ನೀವೇ ಮಾತನಾಡಿ.

ನೋಟ್‌ಬುಕ್ಕಿನ ಮೊತ್ತಕ್ಕೂ ಡಬ್ಬಿಯ ಮೊತ್ತಕ್ಕೂ ಹೊಂದಿಕೆಯಾಗದಿದ್ದಾಗ ಕಳ್ಳತನದ ಮಾತನ್ನು ಎತ್ತಬೇಡಿ. ಗೆಳೆಯರಿಗೆ ಸಾಲ ಕೊಟ್ಟಿರಬಹುದು, ಮೊಬೈಲ್ ಆಟದೊಳಗಿನ ಖರೀದಿಗೆ ಯಾರ ಕೈಯಲ್ಲೋ ಹಣ ಕಟ್ಟಿಸಿರಬಹುದು, ದೊಡ್ಡ ಹುಡುಗರು ಹೆದರಿಸಿ ಕಸಿದಿರಬಹುದು. ಕೊನೆಯದಾಗಿದ್ದರೆ ಅದು ಹಣದ ವಿಷಯವಲ್ಲ, ಶಾಲೆಗೆ ಹೋಗಿ ಮಾತನಾಡಬೇಕಾದ ವಿಷಯ. ಹಣವನ್ನು ಮುಟ್ಟಲೂ ಹೆದರುವ, ಪೆನ್ಸಿಲ್ ಮುಗಿದರೂ ಕೇಳದ ಮಗುವನ್ನು ಹೊಗಳಿ ಸುಮ್ಮನಾಗುವವರು ಹೆಚ್ಚು. ಮನೆಯ ಸಾಲದ ಮಾತುಗಳು ಅದರ ಕಿವಿಗೆ ಬಿದ್ದಿರುತ್ತವೆ. ಕೂಡಿಸಿಕೊಂಡು, ಪೆನ್ಸಿಲ್ಲಿಗೂ ಪುಸ್ತಕಕ್ಕೂ ಮನೆಯಲ್ಲಿ ಹಣವಿದೆ ಎಂದು ಹೇಳಬೇಕು.

ಹಂತ 9: ಹದಿನೆಂಟು ತುಂಬುವಾಗ

ಮಗುವಿಗೆ 18 ವರ್ಷ ತುಂಬಿದಾಗ ಪಾಲಕರ ಸಹಿಯಿಂದ ನಡೆಯುತ್ತಿದ್ದ ಖಾತೆಯನ್ನು ಅದರ ಸ್ವಂತ ಸಹಿಗೆ ಬದಲಿಸಬೇಕು. ತಾನೇ ನಡೆಸುತ್ತಿದ್ದ ಖಾತೆಗೂ ಹೊಸ ಮಾದರಿ ಸಹಿ ಮತ್ತು ಸೂಚನೆಗಳನ್ನು ಬ್ಯಾಂಕ್ ಕೇಳುತ್ತದೆ. ಕಾಲೇಜು ಶುಲ್ಕ ಕಟ್ಟುವ ದಿನ ಹಣ ತೆಗೆಯಲಾಗದೆ ಪರದಾಡುವ ಬದಲು, ಹುಟ್ಟಿದ ದಿನಕ್ಕೆ ಮೊದಲೇ ಪ್ಯಾನ್ ಮಾಡಿಸಿ, ಆಧಾರಿನ 15ನೆಯ ವರ್ಷದ ನವೀಕರಣ ಆಗಿದೆಯೇ ಎಂದು ನೋಡಿ, ಹದಿನೆಂಟು ತುಂಬಿದ ವಾರದಲ್ಲೇ ದಾಖಲೆಗಳೊಂದಿಗೆ ಶಾಖೆಗೆ ಹೋಗಿ. ಹೋಗುವ ಮುನ್ನ ನೋಟ್‌ಬುಕ್ಕಿನಲ್ಲಿ ನೀವು ಪಡೆದ ಕೈಗಡ ಯಾವುದಾದರೂ ತೀರದೆ ಉಳಿದಿದ್ದರೆ ಅದನ್ನು ತೀರಿಸಿ, ಪಾಸ್‌ಬುಕ್ಕಿನ ಜೊತೆಗೆ ನೋಟ್‌ಬುಕ್ಕನ್ನೂ ಅವರ ಕೈಗೆ ಕೊಡಿ. ಹಿಂಬದಿಯ ಮುಯ್ಯಿಯ ಪುಟಗಳನ್ನು ಮಾತ್ರ ನಕಲು ಮಾಡಿ ನಿಮ್ಮ ಬಳಿ ಇಟ್ಟುಕೊಳ್ಳಿ.